ಎಂಟನೆಯ ಗೆರೆ

ರಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದರು:
ಹೆಸರು, ವರ್ಷ, ಹಿಂತಿರುಗಿಸುವಾಗ ಪುಸ್ತಕದ ಸ್ಥಿತಿ.
ಮೇಲೆ ನೇರಳೆ ಮುದ್ರೆ, ಕೌಂಟಿಯ ಸ್ವತ್ತು.
ಮೊದಲ ಗೆರೆಯಲ್ಲಿ ಮಾರ್ಜೊರಿ ಪೆಂಡ್ಲ್‌ಟನ್, ಹೊಸದು.
ಆಮೇಲೆ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ.
ಐದನೆಯವನು ಗ್ರೀನ್‌ಲ್ಯಾಂಡಿಗೆ ಮೀಸೆ ಬರೆದಿದ್ದ.
ಏಳನೆಯ ಗೆರೆಯಲ್ಲಿ ‘ಹರಿದಿದೆ’ ಎಂದು ಬಿದ್ದ ಮೇಲೆ
ಪುಸ್ತಕ ರೈಲು ಹಳಿ ದಾಟಿ
ನಮ್ಮ ಕಡೆಯ ಶಾಲೆಗೆ ಬಂತು.

ಎಂಟನೆಯ ಗೆರೆ ನನ್ನದು.
ಅರ್ನೆಸ್ಟೀನ್ ಟಾಲಿವರ್, ಮೂರನೆಯ ತರಗತಿ,
ಐವತ್ತೊಂಬತ್ತನೆಯ ಇಸವಿ.
ದಕ್ಷಿಣ ಅಮೆರಿಕ ಇನ್ನೂ ಮುಗಿದಿರಲಿಲ್ಲ.
‘ಬೇಸಗೆಗೆ ಇಟ್ಟುಕೋ, ಸೆಪ್ಟೆಂಬರಿಗೆ ತಾ’
ಅಂದರು ಮಿಸ್ ವಾಷ್ಟೈ ಕ್ರೂಸ್,
ಸೀಮೆಸುಣ್ಣದ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ.

ಸೆಪ್ಟೆಂಬರಿನಲ್ಲಿ ಗೇಟಿಗೆ ಸರಪಳಿ.

ದೊಡ್ಡವರ ಮಾತು ನಮಗೆ ತುಣುಕು ತುಣುಕಾಗಿ ಸಿಕ್ಕಿತು.
ವಾಷಿಂಗ್ಟನ್ನಿನ ಕೋರ್ಟು ಎಲ್ಲ ಮಕ್ಕಳನ್ನೂ
ಒಂದೇ ಕೋಣೆಯಲ್ಲಿ ಕೂರಿಸಿ ಅಂದಿತ್ತಂತೆ.
ಕೌಂಟಿಯ ಆರು ಜನ ಟೋಪಿ ತೆಗೆದಿಟ್ಟು ಕೂತು
ಹಾಗಾದರೆ ಕೋಣೆಯೇ ಬೇಡ ಅಂದರಂತೆ.
ಮುಂದೆ ಎಷ್ಟೋ ವರ್ಷಕ್ಕೆ ಆ ಕಡತ ನಾನೇ ನೋಡಿದೆ:
ರಸ್ತೆಗೆ ಇಷ್ಟು, ಸೇತುವೆಗೆ ಇಷ್ಟು,
ಬೀದಿನಾಯಿ ಹಿಡಿಯುವವನಿಗೆ ಇಷ್ಟು,
ಶಾಲೆಗೆ ಸೊನ್ನೆ.
ಎಷ್ಟು ದುಂಡಗಿತ್ತು ಆ ಸೊನ್ನೆ!
ನನ್ನ ಕಾಪಿಯಲ್ಲಾಗಿದ್ದರೆ
ಮಿಸ್ ಕ್ರೂಸ್ ಬೆನ್ನು ತಟ್ಟುತ್ತಿದ್ದರು.

ಆ ಶಾಲೆಯ ಇಟ್ಟಿಗೆಗೆಂದು ಮುತ್ತಜ್ಜಿ ಡಾರ್ಕಸ್ ಮೊಟ್ಟೆ ಮಾರಿದ್ದಳು.
ಅವಳು ಹುಟ್ಟಿದಾಗ ಅವಳಿಗೆ ಅಕ್ಷರ ಕಲಿಸಿದರೆ ಜೈಲು.
ಬಿಡುಗಡೆಯಾಗಿ ಎಷ್ಟೋ ಕಾಲಕ್ಕೆ
ಮೊಮ್ಮಗನ ಪಕ್ಕ ಸಣ್ಣ ಬೆಂಚಿನಲ್ಲಿ ಕೂತು
ತನ್ನ ಹೆಸರಿನ ಮೊದಲ ಅಕ್ಷರದ ಹೊಟ್ಟೆಯನ್ನು
ಸ್ಲೇಟು ಸವೆಯುವ ತನಕ ತಿದ್ದಿದಳಂತೆ.

ಹಳಿಯ ಆಚೆ ಬಿಳಿಯರ ಮಕ್ಕಳಿಗೆ ಅಕಾಡೆಮಿ ಎದ್ದಿತು.
ನಾವು ತಂಬಾಕಿನ ಸಾಲಿನಲ್ಲಿ ನಿಂತು
ಅವರ ಬಸ್ಸು ಎಣಿಸುತ್ತಿದ್ದೆವು,
ಲೆಕ್ಕ ಮರೆತುಹೋಗಬಾರದಲ್ಲ.
ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೆರಡು ದಿನ
ಬಟ್ಟೆ ಒಗೆಯುವ ಹೆಂಗಸರು ಮಗ್ಗಿ ಹೇಳಿಕೊಟ್ಟರು,
ಏಳರ ಮಗ್ಗಿ ಅವರಿಗೂ ಬರುತ್ತಿರಲಿಲ್ಲ.
ರಾತ್ರಿ ನಾನು ದಕ್ಷಿಣ ಅಮೆರಿಕ ಓದಿದೆ.
ಬೊಲಿವಿಯಾಕ್ಕೆ ಸಮುದ್ರವಿಲ್ಲ ಎಂದು ಗೊತ್ತಾದ ದಿನ
ಯಾಕೋ ತುಂಬ ಅತ್ತೆ.

ಐದು ವರ್ಷ.
ಬಾಗಿಲು ತೆರೆದಾಗ ಅಣ್ಣ ಕ್ಲಿಯೋಫಸ್‌ಗೆ ಹದಿನಾರು.
ಆರನೆಯ ತರಗತಿಯ ಬೆಂಚಿನಡಿ ಅವನ ಮೊಣಕಾಲು ಹಿಡಿಯಲಿಲ್ಲ.
ಮಧ್ಯಾಹ್ನದ ಗಂಟೆಗೆ ಎದ್ದವನು
ಮರ ಕೊಯ್ಯುವ ಮಿಲ್ಲಿಗೆ ಹೋದ, ಅಲ್ಲೇ ಮುದುಕನಾದ.
ಪತ್ರ ಬಂದರೆ ಈಗಲೂ ಕನ್ನಡಕ ಹುಡುಕುತ್ತಾನೆ,
ಕನ್ನಡಕ ಜೇಬಿನಲ್ಲೇ ಇರುತ್ತದೆ.

ಕಳೆದ ಮಂಗಳವಾರ ಪುಸ್ತಕ ವಾಪಸು ಕೊಡಲು ಹೋದೆ.
ಶಿಕ್ಷಣ ಕಚೇರಿಯ ಕಿಟಕಿಯಲ್ಲಿ ಒಬ್ಬ ಹುಡುಗ,
ಎದೆಯ ಬಿಲ್ಲೆಯಲ್ಲಿ ಡೆಸ್ಮಂಡ್ ಓಕ್ಸ್.
ಕಂಪ್ಯೂಟರಿನಲ್ಲಿ ಹುಡುಕಿದ, ಬೇರೆ ಹೆಸರಲ್ಲಿ ಹುಡುಕಿದ.
‘ಇದು ನಮ್ಮ ಪಟ್ಟಿಯಲ್ಲೇ ಇಲ್ಲ ಅಮ್ಮ, ನಿಮ್ಮಲ್ಲೇ ಇರಲಿ.’
ಇಲ್ಲಪ್ಪ, ಕೌಂಟಿಯ ಸ್ವತ್ತು, ಮುದ್ರೆ ನೋಡು,
ಸೆಪ್ಟೆಂಬರಿಗೆ ತರುತ್ತೇನೆ ಅಂದಿದ್ದೆ.
ನನಗೆ ರಸೀದಿ ಬೇಕು.

ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು.
ಅವನು ಆ ವಾರದ ಊಟದ ಪಟ್ಟಿಯೊಂದನ್ನು ಮಗುಚಿ,
ಜೋಳ, ಪೀಚ್ ಹಣ್ಣು, ಹಾಲು ಅಂತಿದ್ದ ಹಾಳೆಯ ಬೆನ್ನಿಗೆ
ನನ್ನ ಹೆಸರು ಬರೆದ, ತಾರೀಖು ಬರೆದ.
ಆಮೇಲೆ ರಟ್ಟು ತೆರೆದು ಚೀಟಿ ಓದಿದ, ನಿಧಾನವಾಗಿ,
ಮೇಲಿನಿಂದ ಕೆಳಗೆ, ಬೆರಳಿಟ್ಟು.
ಎಂಟನೆಯ ಗೆರೆಯಲ್ಲಿ ಕೊನೆಯ ಅಂಕಣ ಖಾಲಿ.
‘ಸ್ಥಿತಿ ಏನಂತ ಬರೆಯಲಿ?’ ಅಂದ.

ನೀನು ಓದು ಕಲಿತವನು, ಅಂದೆ.
ನೋಡಿ ಬರಿ.